ನನಗೂ ಕೇಳಿಸ್ತು

ಮೇಜಿನ ಗಾಜಿನಡಿ ಒಂದು ನೊಣ ಚಪ್ಪಟೆಯಾಗಿ ಸಿಕ್ಕಿಕೊಂಡಿದೆ, ಒಳಗೆ ಹೇಗೆ ಹೋಯಿತೋ, ಗಾಜೆತ್ತಿ ಒರೆಸುವವರು ಯಾರೂ ಇಲ್ಲ ಅಂತ ಕಾಣುತ್ತದೆ, ಅದನ್ನೇ ನೋಡುತ್ತಾ ಕೂತರೆ ಡಾಕ್ಟರಮ್ಮನ ಕಣ್ಣು ತಪ್ಪಿಸಬಹುದು ಎಂದು ಅವಳು ತಲೆ ತಗ್ಗಿಸಿದ್ದಳು, ಪಕ್ಕದ ಕುರ್ಚಿಯಲ್ಲಿ ಗಂಡ ಪಾಠ ಒಪ್ಪಿಸುವವನ ಹಾಗೆ ಹೇಳುತ್ತಿದ್ದ, ಗೋಡೆಯಾಚೆ ಇಬ್ರು ಇದ್ದಾರೆ ಮೇಡಂ, ಯಾವಾಗ್ಲೂ ನನ್ನ ವಿಷಯಾನೇ ಮಾತಾಡ್ತಾರೆ, ಡಾಕ್ಟರಮ್ಮ ಕೇಳುತ್ತಾರೆ, ಇಂಥದ್ದು ಮಾಡು ಅಂತ ಏನಾದ್ರೂ ಹೇಳ್ತಾರಾ — ಹೇಳ್ತಾರೆ ಮೇಡಂ, ಸ್ನಾನ ಮಾಡು ಅಂತಾರೆ, ಊಟ ಬಿಡಬೇಡ ಅಂತಾರೆ, ಕೆಲಸಕ್ಕೆ ಹೋಗಬೇಡ ಅಂದ್ರು, ಬಿಟ್ಟುಬಿಟ್ಟೆ. ಅವಳು ನೊಣದಿಂದ ಕಣ್ಣೆತ್ತಿ ಗಂಡನನ್ನು ನೋಡಿದಳು. ಸ್ನಾನ ಮಾಡು ಅಂದವಳು ಅವಳು, ಊಟ ಬಿಡಬೇಡ ಅಂದವಳೂ ಅವಳೇ, ಆ ಮೂರನೆಯದು — ಅಯ್ಯೋ, ಆ ಮೂರನೆಯದೂ.

ಮೊದಮೊದಲು ನಗಾಡಿದ್ದಳಲ್ಲ, ಏನ್ರೀ, ಲಿಫ್ಟಿಗೆ ಕಿವಿ ಕೊಟ್ಟೂ ಕೊಟ್ಟೂ ಈಗ ಗೋಡೆಗೂ ಕಿವಿ ಕೊಡೋಕೆ ಶುರು ಮಾಡಿದ್ರಾ ಅಂತ, ಅವನ ಕಿವಿ ಅಂಥದ್ದೇ, ಲಿಫ್ಟು ಮೇಲೇರುವ ಸದ್ದು ಕೇಳಿಯೇ ಯಾವ ಚಕ್ರ ಸವೆದಿದೆ ಅಂತ ಹೇಳುತ್ತಿದ್ದ ಮೆಕ್ಯಾನಿಕ್ಕು, ಆಮೇಲೆ ಅವನು ತಟ್ಟೆ ದೂರ ತಳ್ಳತೊಡಗಿದ, ನಿನಗೆ ಕೇಳ್ಸಲ್ವಾ, ನಿಜ ಹೇಳು, ಕೇಳ್ಸಲ್ವಾ ಎಂದು ಹಿಂದೆ ಹಿಂದೆ ಬರುತ್ತಿದ್ದ, ಅವಳೋ ಬಟ್ಟೆ ಅಂಗಡಿಯಲ್ಲಿ ಬೆಳಗಿನಿಂದ ನಿಂತು ಕಾಲು ಊದಿಸಿಕೊಂಡು ಬಂದವಳು, ಬಂದಬಂದವರಿಗೆಲ್ಲ ಹೌದು ಮೇಡಂ, ಈ ಬಣ್ಣ ನಿಮಗೆ ಹೇಳಿ ಮಾಡಿಸಿದ ಹಾಗಿದೆ ಅಂತ ಹೇಳೀ ಹೇಳೀ ಹೌದು ಅನ್ನುವುದು ನಾಲಗೆ ಮೇಲೇ ಕೂತಿತ್ತು, ಹೌದು, ನನಗೂ ಕೇಳಿಸ್ತು ಅಂದುಬಿಟ್ಟಳು. ಅಷ್ಟೇ. ಅವನ ಮುಖ ಅರಳಿದ್ದು ನೋಡಬೇಕಿತ್ತು, ಮದುವೆಯಾದ ಹೊಸದರಲ್ಲೂ ಹಾಗೆ ಅರಳಿರಲಿಲ್ಲ, ಕೂತು ಹೊಟ್ಟೆ ತುಂಬ ಉಂಡ, ಏನಂದ್ರು, ಏನಂದ್ರು ಎಂದು ಕೇಳಿದ, ಏನೋ ಒಂದು ಹೇಳಬೇಕಲ್ಲ, ನೀವು ಸ್ನಾನ ಮಾಡಬೇಕಂತೆ ಅಂದಳು, ಎದ್ದು ಹೋಗಿ ಮಾಡಿ ಬಂದ, ಬಚ್ಚಲಲ್ಲಿ ನೀರು ಸುರಿಯುವ ಸದ್ದು ಕೇಳುತ್ತಾ ಅವಳು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಿದ್ದಳು, ಆ ನಗು ನೆನೆದರೆ ಈಗ ಮೈ ಉರಿಯುತ್ತದೆ. ಎಷ್ಟು ಸಲೀಸು, ಗೋಡೆಯ ಹೆಸರು ಹೇಳಿದರೆ ಸಾಕು, ಗಡ್ಡ ತೆಗೆಯುತ್ತಾನೆ, ಅಂಗಿ ಬದಲಿಸುತ್ತಾನೆ. ಲಿಫ್ಟು ಓಡಾಡುವ ಹೊಂಡದೊಳಗೆ ಕೈ ಜಾರಿ ಬಿದ್ದುಗಿದ್ದುಬಿಟ್ಟಾನೆಂದು ಹೆದರಿ ಕೆಲಸ ಬಿಡಿಸಿದೆ ಅಂತ ಅಕ್ಕನ ಹತ್ತಿರ ಹೇಳಿಕೊಂಡಿದ್ದಾಳೆ, ಸುಳ್ಳು, ಅಪ್ಪಟ ಸುಳ್ಳು, ಅವತ್ತು ಅಡುಗೆಮನೆ ನಲ್ಲಿ ಸೋರುತ್ತಿತ್ತು, ರಿಪೇರಿಯವನು ಬರುವವನಿದ್ದ, ಮನೆಯಲ್ಲಿ ಒಬ್ಬರು ಇರಬೇಕಿತ್ತು, ಅವಳಿಗೆ ರಜೆ ಕೊಡುವುದಿಲ್ಲ ಅಂದಿದ್ದರು, ಇವತ್ತು ಹೋಗಬೇಡ ಅಂತಿದ್ದಾರೆ ಕಣ್ರೀ ಅಂದಳು — ಇವತ್ತು ಅಂದದ್ದು, ಇವತ್ತೊಂದು ದಿನ — ಅವನು ಮತ್ತೆ ಹೋಗಲೇ ಇಲ್ಲ, ಹೋಗಿ ಅಂತಿದ್ದಾರೆ ಎಂದು ಆಮೇಲೆ ಅವಳು ಎಷ್ಟು ಹೇಳಿದರೂ ತಲೆಯಾಡಿಸಿದ, ಇಲ್ಲ, ಅದು ಅವರ ದನಿಯಲ್ಲ ಅಂದ.

ಡಾಕ್ಟರಮ್ಮ ಬಿಡಿಸಿ ಬಿಡಿಸಿ ಹೇಳುತ್ತಿದ್ದಾರೆ, ಇಲ್ಲದ ದನಿ ಕೇಳ್ಸೋದಕ್ಕೆ ಭ್ರಮೆ ಅಂತೀವಮ್ಮ, ಯಾರು ಏನು ಹೇಳಿದ್ರೂ ಅಲ್ಲಾಡದ ಸುಳ್ಳು ನಂಬಿಕೆಗೆ ಭ್ರಾಂತಿ ಅಂತೀವಿ, ದನಿ ಹೇಳಿದ ಹಾಗೆ ನಡೆಯೋಕೆ ಶುರು ಮಾಡಿದ್ರೆ ಮಾತ್ರ ಹುಷಾರಾಗಿರಬೇಕು, ನಾಳೆ ಮಹಡಿಯಿಂದ ಹಾರು ಅಂದ್ರೆ? ಅದಕ್ಕೇ ಸ್ವಲ್ಪ ದಿನ ಇಲ್ಲೇ ಸೇರಿಸಿಬಿಡೋಣ. ಸೇರಿಸುವುದೆಂದರೆ ಆ ಉದ್ದನೆಯ ವಾರ್ಡು, ಬರುವಾಗ ಕಂಡದ್ದು, ಬೀಗ ಹಾಕಿದ ಕಬ್ಬಿಣದ ಬಾಗಿಲು, ಅವಳ ಮಾತಿಗೆ ಅವನು ಅದರೊಳಗೆ. ಆಮೇಲೆ ಡಾಕ್ಟರಮ್ಮ ಮೆತ್ತಗೆ, ನಿಮಗೂ ಕೇಳ್ಸುತ್ತಂತಲ್ಲಮ್ಮಾ, ಇವರು ಹೇಳಿದ್ರು, ಗಾಬರಿ ಬೇಡ, ಜೊತೆಗಿರೋರಿಗೂ ಒಬ್ಬರ ಭ್ರಾಂತಿ ಅಂಟ್ಕೊಳ್ಳೋದುಂಟು, ಅದಕ್ಕೂ ಹೆಸರಿದೆ, ನಿಮ್ಮ ತಪ್ಪೇನಿಲ್ಲ ಅದರಲ್ಲಿ. ತಪ್ಪೇನಿಲ್ಲ! ಆ ಮಾತು ಎಷ್ಟು ತಣ್ಣಗಿದೆ, ಹೂಂ ಅಂದರೆ ಮುಗಿಯಿತು, ಅವಳೂ ರೋಗಿ, ಅವಳಿಗೂ ಮಾತ್ರೆ, ಸುಳ್ಳುಗಾತಿ ಅಂತ ಯಾರೂ ಬೆರಳು ತೋರಿಸುವುದಿಲ್ಲ, ಹೂಂ ಅನ್ನು, ಅಂಗಡಿಯಲ್ಲಿ ಅನ್ನುವುದಿಲ್ಲವೇ — ಇಲ್ಲ ಮೇಡಂ. ಅವಳ ದನಿ ಅವಳಿಗೇ ಬೇರೆ ಯಾರದೋ ಅನಿಸಿತು. ನನಗೆ ಒಂದು ದಿನವೂ ಏನೂ ಕೇಳಿಸಿಲ್ಲ, ಸ್ನಾನ ಮಾಡಿ ಅಂದಿದ್ದು, ಕೆಲಸಕ್ಕೆ ಹೋಗಬೇಡಿ ಅಂದಿದ್ದು, ಎಲ್ಲ ನಾನು, ರೀ, ಕೇಳಿಸ್ಕೊಳ್ಳಿ, ನಾನೇ ಹೇಳಿದ್ದು ರೀ. ಬೈಯಲಿ, ಹೊಡೆಯಲಿ, ಎದ್ದು ಹೋಗಲಿ ಎಂದು ಕಾದಳು. ಅವನು ಅವಳ ಮುಖ ನೋಡಿದ, ಕೋಪವಿಲ್ಲ, ಮರುಕ, ಡಾಕ್ಟರಮ್ಮನ ಕಡೆ ಬಾಗಿ ಪಿಸುಗುಟ್ಟಿದ, ಪಾಪ, ಅವಳನ್ನ ಏನೂ ಕೇಳಬೇಡಿ ಮೇಡಂ, ತುಂಬ ಹೆದರಿದ್ದಾಳೆ, ಹೀಗೆ ಹೇಳು ಅಂತ ಆ ಗೋಡೆಯಾಚೆಯವರೇ ಹೇಳಿಸ್ತಿದ್ದಾರೆ, ಹಾಗೆನ್ನುತ್ತಲೇ ಬಸ್ಸು ಬ್ರೇಕು ಹಾಕಿದಾಗ ಪಕ್ಕದವರಿಗೆ ಅಡ್ಡ ಹಿಡಿಯುತ್ತಾರಲ್ಲ, ಹಾಗೆ ತನ್ನ ಎಡಗೈಯನ್ನು ಅವಳ ಎದೆಗೆ ಅಡ್ಡವಾಗಿ ಚಾಚಿದ, ಆ ಕೈ, ಸರಿಸಬೇಕು ಅದನ್ನು, ಮತ್ತೆ ಹೇಳಬೇಕು, ನಾನೇ ಅನ್ನಬೇಕು, ಅಂದರೆ ಆ ಕೈ ಇನ್ನೂ ಗಟ್ಟಿಯಾಗುತ್ತದೆ, ಅವಳನ್ನು ಕಾಯಲು ಅಡ್ಡ ಬಂದ ಕೈ, ಅಡ್ಡ, ಆ ಕೈ —