ದಬಾರ್ ಅಕ್ಷರದಲ್ಲಿ ಬೈರಮ್ಮ

ಮತ್ತಿಗಿರಿಯ ಫ್ಲೆಕ್ಸ್ ಅಂಗಡಿಯಲ್ಲಿ ಶಶಿಕಲಾ ಡಿಸೈನರ್. ಊರಿನವರ ಹುಟ್ಟುಹಬ್ಬ, ಗೃಹಪ್ರವೇಶ, ಸಾವು ಎಲ್ಲವೂ ಅವಳ ಕಂಪ್ಯೂಟರ್ ದಾಟಿಯೇ ಬೀದಿಗೆ ಬರಬೇಕು. ಗಿರಾಕಿಗಳಿಲ್ಲದ ಮಧ್ಯಾಹ್ನ ಅವಳು ತನ್ನ ಖುಷಿಗೆ ಅಕ್ಷರ ಬರೆಯುತ್ತಿದ್ದಳು. ಹಳೆಯ ಕಾಮಿಕ್ಸ್‌ನಲ್ಲಿ ಗುದ್ದು ಬಿದ್ದ ಕಡೆ ಸಿಡಿಯುವಂಥ ದಪ್ಪ, ಓರೆ ಅಕ್ಷರಗಳು. ಕೆಂಪು ಮೈ, ಕಪ್ಪು ಅಂಚು, ಹಿಂದೆ ಹಳದಿ ಚುಕ್ಕಿ. ಇಂಗ್ಲಿಷಿನಲ್ಲಿ ಅಂಥ ಫಾಂಟುಗಳು ರಾಶಿ ಸಿಗುತ್ತಿದ್ದವು. ಕನ್ನಡದಲ್ಲಿ ಅವಳ ಮನಸ್ಸಿಗೆ ಒಪ್ಪುವುದು ಸಿಕ್ಕಿರಲಿಲ್ಲ.

ಅವತ್ತು ತೆರೆಯ ಮೇಲೆ ‘ದಬಾರ್’ ಎಂದಿತ್ತು. ತಾಯಿಯ ತಿಥಿಗೆ ಬ್ಯಾನರ್ ಮಾಡಿಸಲು ಬಂದಿದ್ದ ಸಾನಮಾವು ಕಡೆಯ ರೈತ ವೆಂಕಟೇಶಪ್ಪ, ಫೋಟೊ ಕೊಡುವುದನ್ನೂ ಮರೆತು ಅದನ್ನೇ ನೋಡುತ್ತ ನಿಂತ.

“ನಮ್ಮವ್ವನ ಹೆಸ್ರು ಇದ್ರಲ್ಲೇ ಹಾಕಮ್ಮ. ಬೈರಮ್ಮ ಅಂತ.”

“ಇದು ಸಾವಿಗೆ ಹಾಕೋದಲ್ಲಣ್ಣ. ಅದಕ್ಕೆ ಬೇರೆ ಅಕ್ಷರ ಐತೆ.”

“ನಮ್ಮವ್ವ ಮಾತಾಡ್ತಿದ್ದದ್ದೇ ಹಿಂಗೆ. ಬಿಂದಿಗೆ ಬಿದ್ರೆ ದಬಾರ್, ಮಳೆ ಬಂದ್ರೆ ಧೋ, ರಾಗಿ ಹೊಲಕ್ಕೆ ಆನೆ ಬಂದ್ರೆ ದಬದಬ. ಸದ್ದು ಮಾಡ್ದೆ ಒಂದ್ ಮಾತೂ ಹೇಳ್ದೋಳಲ್ಲ.”

ಅವನು ನಗದೆ ಹೇಳಿದ. ಶಶಿಕಲಾ ಬರೆಯಲು ಕೂತಳು. ‘ಮ್ಮ’ ಕಾಡಿತು. ಒತ್ತನ್ನು ಚಿಕ್ಕದು ಮಾಡಿದರೆ ಅಕ್ಷರ ಸೊರಗುತ್ತಿತ್ತು. ಕೊನೆಗೆ ಅದನ್ನೂ ಮೇಲಿನ ಅಕ್ಷರದಷ್ಟೇ ದಪ್ಪ ಮಾಡಿ, ಫೋಟೊದಲ್ಲಿದ್ದ ಬೈರಮ್ಮನ ತಲೆಗೆ ತಾಗುವಂತೆ ಇಳಿಬಿಟ್ಟಳು.

ಮರುದಿನ ವೆಂಕಟೇಶಪ್ಪನ ಜೊತೆ ಅವನ ಅಣ್ಣ ಲಕ್ಷ್ಮೀಪತಿಯೂ ಬಂದ. ಮೂಕಂಡಪಲ್ಲಿಯಲ್ಲಿದ್ದುಕೊಂಡು ಫ್ಯಾಕ್ಟರಿಗೆ ಹೋಗುವವನು. ತೆರೆ ನೋಡಿದವನೇ ತಮ್ಮನ ಕಡೆ ತಿರುಗಿದ.

“ಸಾವಿನ ಮನೆ ಕಣ್ಲಾ ಅದು, ಪಟಾಕಿ ಅಂಗಡಿ ಅಲ್ಲ. ನಾಕ್ ಜನ ಏನಂದಾರು?”

ತಮ್ಮ ಒಪ್ಪಲಿಲ್ಲ. ಶಶಿಕಲಾ ಎರಡನ್ನೂ ಮಾಡಿಕೊಟ್ಟಳು: ಊರ ಬಾಗಿಲಿಗೆ ಅಣ್ಣನ ದೊಡ್ಡ ಕಪ್ಪು ಬ್ಯಾನರ್, ಮನೆಯಂಗಳಕ್ಕೆ ತಮ್ಮನ ಪುಟ್ಟ ಕೆಂಪು ಬ್ಯಾನರ್.

ತಿಥಿಗೆ ವೆಂಕಟೇಶಪ್ಪ ಕರೆದ. ತನ್ನ ಅಕ್ಷರ ಬಯಲಲ್ಲಿ ಹೇಗೆ ಕಾಣುತ್ತದೆಂದು ನೋಡಲು ಅವಳು ಹೋದಳು. ಅಂಗಳದ ಕೊಟ್ಟಿಗೆ ಗೋಡೆಗೆ ಬ್ಯಾನರ್ ಕಟ್ಟಿದ್ದರು. ಬಿಸಿಲಲ್ಲಿ ಕೆಂಪು ಕಣ್ಣಿಗೆ ಹೊಡೆಯುತ್ತಿತ್ತು. ಬಂದವರು ಒಮ್ಮೆ ನೋಡಿ ಮುಖ ತಿರುಗಿಸುತ್ತಿದ್ದರು. ಬರೆದವಳು ತಾನೆಂದು ಯಾರಿಗೂ ಗೊತ್ತಾಗದಿದ್ದರೆ ಸಾಕು ಅನ್ನಿಸಿತು ಅವಳಿಗೆ.

ಪಕ್ಕದ ಮನೆಯ ಮುದುಕಿ ಶ್ಯಾಮಲಮ್ಮನಿಗೆ ಓದು ಬರದು. “ಏನಂತ ಬರ್ದೈತೆ?” ಎಂದು ಕೇಳಿದಳು.

“ಬೈರಮ್ಮ ಅಂತ,” ಅಂದಳು ಶಶಿಕಲಾ.

“ಅವಳಂಗೇ ಐತೆ ಬುಡು, ಬಾಯಿ ಬಾಯಿ,” ಎಂದು ಮುದುಕಿ ಎದ್ದು ನಿಂತು, ಸೊಂಟಕ್ಕೆ ಕೈಕೊಟ್ಟು, ಬೈರಮ್ಮ ಆನೆ ಬಂದದ್ದನ್ನು ಹೇಳುತ್ತಿದ್ದ ಬಗೆಯನ್ನು ಆಡಿ ತೋರಿಸಿದಳು. “ದಬದಬ ದಬದಬ ಅಂತ ಬಂತು ಕಣೇ…” ಅಂಗಳದಲ್ಲಿದ್ದವರು ನಕ್ಕರು. ನಗುತ್ತಲೇ ಮುದುಕಿ ಸೆರಗನ್ನು ಮುಖಕ್ಕೆ ಒತ್ತಿಕೊಂಡಳು.

ಸಾರಿನ ಬಕೆಟ್ ಹಿಡಿದು ಬರುತ್ತಿದ್ದ ಲಕ್ಷ್ಮೀಪತಿ ನಿಂತ.

“ಮೊದ್ಲೇ ದಬದಬ ಅಲ್ಲಜ್ಜಿ,” ಅಂದ ಮೆಲ್ಲಗೆ. “ಮೊದ್ಲು ಚಟಚಟ. ಬೇಲಿ ಮುರೀತಿತ್ತಲ್ಲ. ಆಮ್ಯಾಕೆ ದಬದಬ.”

ಬಕೆಟ್ ಕೆಳಗಿಟ್ಟು ಬ್ಯಾನರಿನ ಹತ್ತಿರ ಹೋಗಿ ಅಂಚು ಮುಟ್ಟಿ ನೋಡಿದ. ಆಮೇಲೆ ಶಶಿಕಲಾಳನ್ನು ಕೇಳಿದ: “ಬಿಸ್ಲಿಗೆ ಇದ್ರ ಬಣ್ಣ ಹೋಗ್ತದೇನಮ್ಮ?”

“ಹೋಗ್ತದಣ್ಣ.”

ಅವನು ಹಗ್ಗ ಬಿಚ್ಚಿ, ತಮ್ಮನನ್ನು ಕೂಗಿ ಕರೆದು, ಬ್ಯಾನರನ್ನು ಜಗಲಿಯ ಒಳಗೋಡೆಗೆ ಕಟ್ಟಿಸಿದ.