ಹೊಸ್ತಿಲಲ್ಲಿ ನಿಂತ ಸಾಬವ್ವ

ಸಾಬವ್ವ ಎಂಬ ಹೆಂಗಸು ಹುಟ್ಟಿದ್ದು ಎಪ್ಪತ್ತೆರಡನೇ ಇಸವಿಯ ಸುಗ್ಗಿಯಲ್ಲಿ, ಹುಮನಾಬಾದಿನ ಒಂದು ಬೇಳೆ ಮಿಲ್ಲಿನ ಅಂಗಳದಲ್ಲಿ, ಯಶೋದಾಬಾಯಿಯ ಬಾಯಲ್ಲಿ. ಹುಟ್ಟುವಾಗಲೇ ಅವಳಿಗೆ ನಲವತ್ತು ವರ್ಷ. ಎತ್ತರದ ಆಳು, ಹಣೆ ತುಂಬ ಕುಂಕುಮ, ಕಾಲಲ್ಲಿ ಗಂಡಸರ ಚಪ್ಪಲಿ. ಏಳು ಹೊಲದಾಚೆಯಿಂದ ಬರುತ್ತಾಳೆ, ಗೌಡನಿರಲಿ ತಹಶೀಲ್ದಾರನಿರಲಿ ಎದುರು ನಿಂತು ಕೇಳಬೇಕಾದ್ದನ್ನು ಕೇಳುತ್ತಾಳೆ, ಆಮೇಲೆ ಎಲೆ ಅಡಿಕೆ ಹಾಕಿಕೊಂಡು ಬಂದ ದಾರಿಯಲ್ಲೇ ಹೋಗುತ್ತಾಳೆ. ತೊಗರಿಬೇಳೆಯಲ್ಲಿ ಕಲ್ಲು ಆರಿಸಲು ಕೈ ಸಾಕು, ಬಾಯಿ ಖಾಲಿ ಇರುತ್ತದೆ. ಯಶೋದಾಬಾಯಿ ಅದಕ್ಕೊಂದು ಕೆಲಸ ಕೊಟ್ಟಳು, ಅಷ್ಟೆ.

ತಮಾಷೆಯೆಂದರೆ ಯಶೋದಾಬಾಯಿ ಸ್ವತಃ ಬೆಕ್ಕಿಗೂ ಗದರಿದವಳಲ್ಲ. ಮಿಲ್ಲಿನ ಹೆಂಗಸರ ನಡುವೆ ಕೂತರೆ ಸಾಬವ್ವನ ಕಥೆ ಹರಿಯುತ್ತಿತ್ತು. ಗಂಡಸೊಬ್ಬ ಹತ್ತಿರ ಸುಳಿದರೆ ಬಾಯಿಗೆ ಬೀಗ.

ಕಥೆ ಕಥೆಯಾಗಿಯೇ ಇದ್ದಿದ್ದರೆ ಚೆನ್ನಾಗಿತ್ತು. ಮೊದಲು ಕೆಡಿಸಿದವಳು ಜೊತೆಗೆ ಕಲ್ಲು ಆರಿಸುತ್ತಿದ್ದ ಗಯಾಬಾಯಿ. ಅವಳ ಒಂದು ದವಡೆಹಲ್ಲು ಹುಳುಕಾಗಿತ್ತು, ಕೀಳಿಸಲು ಧೈರ್ಯ ಬರುತ್ತಿರಲಿಲ್ಲ. ಒಂದು ದಿನ ಸೆರಗಿನ ತುದಿಗೆ ಏಳು ತೊಗರಿಕಾಳು ಗಂಟು ಹಾಕಿಕೊಂಡು, ‘ಸಾಬವ್ವಾ, ನನ್ನ ಬದಲಿ ನೀ ಕುಂದ್ರವ್ವಾ’ ಎಂದು ಡಾಕ್ಟರ ಕುರ್ಚಿಯಲ್ಲಿ ಕೂತಳಂತೆ. ಒಮ್ಮೆಯೂ ನರಳದೆ ಹಲ್ಲು ಕೀಳಿಸಿಕೊಂಡಳು. ನಂಬದವರಿಗೆ ತೋರಿಸಲು ಹಲ್ಲನ್ನು ಚೀಟಿಯಲ್ಲಿ ಸುತ್ತಿ ಮಿಲ್ಲಿಗೂ ತಂದಳು. ಮರುವಾರ ಅದೇ ಮಿಲ್ಲಿನ ವಜೀರಬಿ ಅದೇ ರೀತಿ ಕಾಳು ಕಟ್ಟಿಕೊಂಡು, ತನ್ನ ಗಲ್ಲಿಯಲ್ಲಿ ಎಂದೂ ನಿಲ್ಲದ ಬೇಮಳಖೇಡದ ಬಸ್ಸಿಗೆ ಅಡ್ಡ ನಿಂತಳು. ಬಸ್ಸು ನಿಂತಿತು. ಈಗಲೂ ನಿಲ್ಲುತ್ತದೆ.

ಅಲ್ಲಿಂದ ಮುಂದೆ ಅದೊಂದು ಪದ್ಧತಿಯೇ ಆಯಿತು. ಅಂಜಿಕೆಯ ಕೆಲಸವಿದ್ದರೆ ಏಳು ಕಾಳು ಕಟ್ಟಬೇಕು, ಸಾಬವ್ವ ಹೇಗೆ ನಿಲ್ಲುತ್ತಾಳೋ ಹಾಗೆ ಸೊಂಟ ನೆಟ್ಟಗೆ ಮಾಡಿ ನಿಲ್ಲಬೇಕು, ‘ಸಾಬವ್ವಾ, ಮುಂದ ನಡಿ’ ಅನ್ನಬೇಕು. ಯಶೋದಾಬಾಯಿಗೆ ಮಾತ್ರ ಇದು ದೇವರ ಮುಂದೆ ಸುಳ್ಳು ಹೇಳಿದಂತೆ ಕಸಿವಿಸಿ. “ಅಕಿ ಇಲ್ಲವ್ವಾ, ನಾ ಹುಟ್ಟಸಿದಾಕಿ” ಎಂದು ಎಲ್ಲರಿಗೂ ಹೇಳಿ ನೋಡಿದಳು.

“ಗೊತ್ತದ ಬಿಡು” ಎಂದರು ಎಲ್ಲರೂ.

ಇನ್ನು ಮನೆಯ ಮಾತು. ಗಂಡ ತೀರಿದ ಮೇಲೆ ಯಶೋದಾಬಾಯಿ ಮಗಳು ಮೀರಾಬಾಯಿಯೊಂದಿಗೆ ಭಾವ ತುಳಜಾರಾಮನ ಮನೆಯಲ್ಲಿದ್ದಳು. ಭಾವನ ಹೆಂಡತಿಯೂ ತೀರಿಕೊಂಡಿದ್ದಳು. ತಮ್ಮನ ಹೆಂಡತಿ ಭಾವನ ಜೊತೆ ನೇರ ಮಾತಾಡುವುದು ಆ ಮನೆತನದಲ್ಲಿ ಇಲ್ಲ. ಹಾಗಂತ ಸಂಸಾರ ನಿಲ್ಲುತ್ತದೆಯೇ? “ಮೀರಾ, ದೊಡ್ಡಪ್ಪಗ ಹೇಳು, ರೊಟ್ಟಿ ಆಗ್ಯಾವ” ಎಂದು ಇವಳು ಒಳಗಿಂದ. “ಮೀರಾ, ನಿಮ್ಮವ್ವಗ ಹೇಳು, ಖಾರ ಕಡಿಮಿ ಆಗ್ಯದ” ಎಂದು ಅವನು ಪಡಸಾಲೆಯಿಂದ. ಮೀರಾ ಬಾಯಿ ತೆರೆಯುವ ಮೊದಲೇ ಇಬ್ಬರಿಗೂ ಕೇಳಿಸಿರುತ್ತಿತ್ತು. ಮೀರಾ ಊರಲ್ಲಿಲ್ಲದಾಗ ಎಮ್ಮೆ, ಎಮ್ಮೆ ಮೇಯಲು ಹೋದಾಗ ಕಂಬ. ಹದಿನಾರು ವರ್ಷ ಹೀಗೆಯೇ ನಡೆದಿತ್ತು, ಒಂದು ಜಗಳವೂ ಇಲ್ಲದೆ.

ಎಪ್ಪತ್ತೈದರ ಜುಲೈಯಲ್ಲಿ ಮೀರಾಬಾಯಿಗೆ ಕಲ್ಯಾಣದಲ್ಲಿ ಟೀಚರ್ ಟ್ರೇನಿಂಗಿಗೆ ಸೀಟು ಸಿಕ್ಕಿತು. ಸೋಮವಾರ ಹಾಜರಾಗಬೇಕು. ಅದೇ ವಾರ ತುಳಜಾರಾಮ ನಿರ್ಣಾ ಎಂಬ ಊರಿನ ಒಂದು ಸಂಬಂಧಕ್ಕೆ ಮಾತು ಕೊಟ್ಟು ಬಂದ. ಭಾನುವಾರ ಅವರು ಹುಡುಗಿ ನೋಡಲು ಬರುವವರು. ಮೀರಾ ಅತ್ತು ಅತ್ತು ಕಣ್ಣು ಕೆಂಪು ಮಾಡಿಕೊಂಡಳು. ತನ್ನ ಮದುವೆಯ ಮಾತನ್ನು ತಾನೇ ಹೊತ್ತು ದೊಡ್ಡಪ್ಪನಿಗೆ ಮುಟ್ಟಿಸುವುದು ಹೇಗೆ? ಈ ಮಾತು ಎಮ್ಮೆಗೆ ಹೇಳುವಂಥದ್ದೂ ಅಲ್ಲ. ಮಗಳು ಓದದಿದ್ದರೆ ತನ್ನ ಹಾಗೆಯೇ ಬಾಗಿಲ ಹಿಂದೆ ನಿಲ್ಲುತ್ತಾಳೆ ಎಂಬುದೊಂದೇ ಯಶೋದಾಬಾಯಿಯ ಸಂಕಟ.

ಶನಿವಾರ ಮಿಲ್ಲಿನಲ್ಲಿ ವಜೀರಬಿ ಏನೂ ಕೇಳದೆ ಏಳು ಕಾಳು ಎಣಿಸಿ ಅವಳ ಸೆರಗಿಗೆ ಕಟ್ಟಿದಳು.

“ನನಗ ನಡಿಯಂಗಿಲ್ಲ ವಜೀರಬಿ. ನಾನೇ ಮಾಡಿದಾಕಿ ನನಗ ಹ್ಯಾಂಗ ಒದಗ್ತಾಳ?”

“ರೊಟ್ಟಿನೂ ನೀನೇ ಬಡೀತಿ. ನೀನೇ ಬಡದದ್ದಂತ ನಿನ್ನ ಹೊಟ್ಟಿ ತುಂಬಂಗಿಲ್ಲೇನು?” ಎಂದಳು ವಜೀರಬಿ, ಮತ್ತೆ ಮೊರ ಹಿಡಿದಳು.

ಸಂಜೆ ತುಳಜಾರಾಮ ಪಡಸಾಲೆಯಲ್ಲಿ ಬಸಿಗೆ ಚಹಾ ಸುರಿದುಕೊಂಡು ಕುಡಿಯುತ್ತಿದ್ದ. ಯಶೋದಾಬಾಯಿ ಅಡುಗೆಮನೆಯ ಬಾಗಿಲ ಹಿಂದೆ ಸೊಂಟ ನೆಟ್ಟಗೆ ಮಾಡಿ ನಿಂತಳು. ಖಾಲಿ ಹೊಸ್ತಿಲ ಕಡೆ ನೋಡಿ ಹೇಳಿದಳು:

“ಸಾಬವ್ವಾ, ಇವರಿಗಿ ಹೇಳವ್ವಾ, ಮೀರಾಗ ಕಲ್ಯಾಣದಾಗ ಸೀಟ್ ಸಿಕ್ಕದ. ಸೋಮವಾರ ಹೋಗಬೇಕಂತ.”

ತುಳಜಾರಾಮನ ಕೈಯಲ್ಲಿ ಬಸಿ ನಿಂತಿತು. ಸಾಬವ್ವ ಅವನಿಗೆ ಹೊಸಬಳಲ್ಲ. ಮೀರಾ ಹೇಳುವ ಕಥೆಗಳನ್ನು ಕೇಳದವನ ಹಾಗೆ ಕೂತು ಮೂರು ವರ್ಷದಿಂದ ಕೇಳಿದ್ದ. ಯಾರ ಮೂಲಕ ಮಾತು ಬಂತೋ ಅವರ ಮೂಲಕವೇ ಜವಾಬು ಹೋಗಬೇಕು. ಹದಿನಾರು ವರ್ಷದ ರೂಢಿಯ ನಾಲಿಗೆ ಮನಸ್ಸನ್ನು ಕೇಳುವುದಿಲ್ಲ. ಅವನೂ ಹೊಸ್ತಿಲಿಗೆ ತಿರುಗಿದ.

“ಸಾಬವ್ವಾ, ಅಕಿಗಿ ಹೇಳು. ನಿರ್ಣಾದವರು ನಾಳಿಗಿ ಬರಾಕತ್ತಾರ. ಮಾತು ಕೊಟ್ಟೀನಿ.” ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

ಯಶೋದಾಬಾಯಿಗೆ ಧೈರ್ಯ ಬಂತು. “ಏನಂದಿ ಸಾಬವ್ವಾ? ಹುಡುಗಿನ ಕೇಳಿ ಮಾತು ಕೊಟ್ಟಾರೇನು ಅಂತೀಯಾ? ಜರಾ ಮೆಲ್ಲಕ ಕೇಳವ್ವಾ, ಹಿರ್ಯಾರದಾರ.”

“ಇಪ್ಪತ್ತು ಎಕರೆ ಹೊಲ ಅದ ಅವರಿಗಿ, ಹೇಳು ಸಾಬವ್ವಾ.”

“ನೋಡು, ಹಂಗೆಲ್ಲ ಮಾತಾಡಬಾರದು ಸಾಬವ್ವಾ. ಹುಡುಗ ನಾಕನೇ ಇಯತ್ತಾ ತನಕ ಸಾಲಿ ಕಲತಿದ್ರ ಏನಾತು? ಹೊಲ ಬಂದು ಪಾಠ ಹೇಳತದೇನು ಅಂತ ಕೇಳಬಾರದು.”

ಒಳಗೆ ಮೀರಾ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು. ತುಳಜಾರಾಮನ ಮೀಸೆಯೂ ಒಮ್ಮೆ ಅಲ್ಲಾಡಿತು. ಆದರೆ ಬಸಿ ಕೆಳಗಿಟ್ಟಾಗ ಅವನ ದನಿ ಬೇರೆಯಾಗಿತ್ತು.

“ಸಾಬವ್ವಾ, ನಿನಗೇನು? ಎಲಿ ಅಡಿಕಿ ಹಾಕೊಂಡು ಹೋಗ್ತಿ. ಅದು ನನ್ನ ತಮ್ಮ ಸಾಯೂಮುಂದ ನನ್ನ ಕೈಯಾಗ ಇಟ್ಟ ಕೂಸು. ಪರ ಊರಾಗ ಹೆಚ್ಚು ಕಡಿಮಿ ಆದ್ರ ಯಾರು ಹೊಣಿ? ನೀ ಆಗ್ತಿ?”

ಯಶೋದಾಬಾಯಿ ಸಾಬವ್ವನ ಬಾಯಿಗೆ ಇಡಲು ಮಾತು ಹುಡುಕಿದಳು. ಕಥೆಯ ಹೆಂಗಸು ಯಾವ ಮಗುವಿಗೆ ಹೊಣೆಯಾದಾಳು? ಹಟ ಎಂದುಕೊಂಡಿದ್ದದ್ದು ಈ ಮನುಷ್ಯನ ಅಂಜಿಕೆ ಎಂದು ಅವಳಿಗೆ ಆಗ ತಿಳಿಯಿತು. ಪಾಪ ಅನ್ನಿಸಿತು. ತಾನೇ ಹೊಸ್ತಿಲು ದಾಟಿ ಪಡಸಾಲೆಗೆ ಬಂದು ಅವನ ಎದುರು ನಿಂತಳು.

“ನಾ ಆಗ್ತೀನ್ರಿ ಭಾವ. ಕಲ್ಯಾಣದಾಗ ನನ್ನ ತಂಗಿ ಜಿಜಾಬಾಯಿ ಮನಿ ಅದ, ಅಲ್ಲೇ ಇರ್ತಾಳ. ಪ್ರತಿ ಐತಾರ ನಾನೇ ಹೋಗಿ ನೋಡಕೊಂಡು ಬರ್ತೀನಿ. ಹೆತ್ತಾಕಿ ನಾ ಇದ್ದೀನ್ರಿ.”

ತುಳಜಾರಾಮ ಎಮ್ಮೆಯ ಕಡೆ ನೋಡಿದ, ಕಂಬದ ಕಡೆ ನೋಡಿದ. ಕೊನೆಗೆ ಹದಿನಾರು ವರ್ಷ ಒಂದೇ ಸೂರಿನಡಿ ಇದ್ದವಳ ಮುಖ ನೋಡಿದ.

“ಹಂಗಾದ್ರ ನಿರ್ಣಾದವರಿಗಿ ಏನ್ ಹೇಳಲಿ, ಯಶೋದಾಬಾಯಿ?”

“ಹುಡುಗಿ ಓದಾಕ ಹೊಂಟಾಳ ಅಂತ ಹೇಳ್ರಿ.”

ಅವನು ಎದ್ದು ಚಪ್ಪಲಿ ಮೆಟ್ಟಿಕೊಂಡು, ನಿರ್ಣಾದ ಬಸ್ಸು ಸಿಗುತ್ತದೋ ಇಲ್ಲವೋ ಎಂದು ಗೊಣಗುತ್ತ ಹೊರಗೆ ನಡೆದ.