ಮೊದಲು ಕೂತವರು

ಹೋದ ವರ್ಷದ ಚೈತ್ರ ಮಾಸ. ಮೊಣಕಾಲು ಊದಿದ್ದರಿಂದ ದೇವಕಮ್ಮ ಶೇಂಗಾ ಕೀಳಲು ಹೋಗದೆ ಮನೆಯಲ್ಲಿ ಉಳಿದಿದ್ದಳು. ಮಧ್ಯಾಹ್ನದ ಹೊತ್ತು ಮಗ ಹಣಮೇಶ ಬಾಗಿಲಿಗೆ ಬಂದು ನಿಂತ. ಮೈಯೆಲ್ಲ ಮಣ್ಣು. ಆ ಮುಖ ನೋಡಿದ ಮೇಲೆ ದೇವಕಮ್ಮನಿಗೆ ಬೇರೆ ಯಾರೂ ಹೇಳಬೇಕಾಗಲಿಲ್ಲ.

ಗಂಡ ತಿಮ್ಮಣ್ಣ ಸಾಲಿನ ನಡುವೆ ಕುಸಿದಿದ್ದ. ಮೈ ಕಾದ ಹಂಚಿನಂತಿತ್ತು, ಬೆವರಿನ ಒಂದು ಹನಿಯೂ ಇರಲಿಲ್ಲ. ಪಿತ್ತವೇರಿದೆ, ಮಲಗಿದರೆ ಇಳಿಯುತ್ತದೆ ಎಂದು ಮರದ ಕೆಳಗೆ ಮಲಗಿಸಿ ಎಲ್ಲರೂ ಮತ್ತೆ ಸಾಲು ಹಿಡಿದಿದ್ದರು. ಆಮೇಲೆ ಸುರಪುರದ ದವಾಖಾನೆಗೆ ಒಯ್ಯುವಷ್ಟರಲ್ಲಿ ಉಸಿರು ನಿಂತಿತ್ತು.

ಕೆಂಭಾವಿಯ ಹತ್ತಿರದ ಆ ಊರಿನಲ್ಲಿ ಒಂದು ರೂಢಿ. ಕಾಲುವೆಯ ನೀರು ನಿಂತ ಮೇಲೆ ನೆಲ ದಿನದಿಂದ ದಿನಕ್ಕೆ ಗಟ್ಟಿಯಾಗುತ್ತದೆ. ತಡಮಾಡಿದರೆ ಕಾಯಿ ಮಣ್ಣಿನಲ್ಲೇ ಉಳಿಯುತ್ತದೆ. ಹೀಗಾಗಿ ಮುದುಕರು, ಹರೆಯದವರು, ಸೊಸೆಯಂದಿರು ಎಲ್ಲರೂ ಒಟ್ಟಿಗೆ ಹೊಲಕ್ಕಿಳಿಯುತ್ತಾರೆ. ಮೊದಲ ಸಾಲು ಮನೆಯ ಹಿರಿಯರದು. ಅವರು ಕೂತು ದಣಿವಾರಿಸಿಕೊಳ್ಳುವ ತನಕ ಕಿರಿಯರು ಕೂಡುವುದಿಲ್ಲ, ನೀರಿನ ಕೊಡವನ್ನೂ ಮುಟ್ಟುವುದಿಲ್ಲ.

ಈ ವರ್ಷ ಮೊದಲ ಸಾಲು ದೇವಕಮ್ಮನ ಪಾಲಿಗೆ ಬಂತು. ಗಿಡ ಕಿತ್ತು, ಪಾದಕ್ಕೆ ಎರಡು ಸಲ ಬಡಿದು ಮಣ್ಣು ಉದುರಿಸುವುದು ತಿಮ್ಮಣ್ಣನ ರೀತಿ. ಆಕೆಯೂ ಹಾಗೆಯೇ ಬಡಿಯುತ್ತಿದ್ದಳು. ಬಗ್ಗಿದಷ್ಟು ಹೊತ್ತು ಆತ ಪಕ್ಕದಲ್ಲೇ ಇದ್ದಾನೆ ಅನಿಸುತ್ತಿತ್ತು. ನಡುವೆ ಎದ್ದರೆ ಆ ಜೊತೆ ಎಲ್ಲಿ ತಪ್ಪುವುದೋ ಎಂದು ಆಕೆಗೆ ಭಯ.

ಒಂದು ದಿನ ಬಿಸಿಲೇರಿದಾಗ ಆಶಾ ಕಾರ್ಯಕರ್ತೆ ಸರ್ವರಬೇಗಂ ಬದುವಿನ ಮೇಲೆ ಬಂದಳು. ದೂರದಿಂದಲೇ ನೋಡುತ್ತ ಬಂದವಳು ನೇರವಾಗಿ ದೇವಕಮ್ಮನ ಸೊಸೆ ಭಾರತಿಯ ರಟ್ಟೆ ಹಿಡಿದು ನೆರಳಿಗೆ ಎಳೆದೊಯ್ದಳು.

"ಎರಡ ಸಲ ವಾಂತಿ ಮಾಡ್ಕೊಂಡಾಳ ಈ ಹುಡುಗಿ. ನಿಮಗ ಕಾಣಲಿಲ್ಲೇನ್ರಿ ಅವ್ವ?"

"ಆಕಿ ಏನೂ ಅನ್ನಲಿಲ್ಲಲ್ಲ."

"ಅತ್ತಿ ನಿಂತಾಗ ಸೊಸಿ ಏನ ಅಂತಾಳ್ರಿ?"

ದೇವಕಮ್ಮ ಸಾಲು ಬಿಡಲಿಲ್ಲ. "ನಲವತ್ತು ವರ್ಷ ಅವರು ಹಿಂಗೇ ಮಾಡ್ಯಾರ. ಸಾಲಿನ ನಡಕ ನಾ ಕೂತ್ರ ಅವರ ಹೆಸರು ಉಳೀತದೇನು?"

"ಶೇಂಗಾ ಏನ್ ಎದ್ದು ಓಡಿ ಹೋಗತಾವೇನ್ರಿ?" ಎಂದಳು ಸರ್ವರಬೇಗಂ. ಯಾರೂ ನಗಲಿಲ್ಲ.

ಆಗ ಹಣಮೇಶ ಕೈಯಲ್ಲಿದ್ದ ಗಿಡ ಕೆಳಗಿಟ್ಟ. ವರ್ಷದಿಂದ ನುಂಗಿಕೊಂಡಿದ್ದ ಮಾತು ಹೊರಬಂತು.

"ಅವತ್ತ ಅಪ್ಪನ ಕಾಲು ತಡವರಸಾಕತ್ತಿದ್ದು ನಾ ನೋಡಿದ್ನಿ, ಯವ್ವಾ. ಕೂಡು ಅನ್ನೂ ಮಾತು ಬಾಯಿತನಕ ಬಂದಿತ್ತು. ಅಪ್ಪನ ಮುಂದ ನಾ ಹೆಂಗ ಅನ್ನಲಿ?"

ದೇವಕಮ್ಮನ ಕೈ ನಿಂತಿತು.

"ಹಿಂದಿನ ದಿನ ಸಂಜಿಕ ಕಾಲು ಒತ್ತಾಕತ್ತಾಗ ನಿಮ್ಮಪ್ಪ ಅಂದ್ರು, ಹುಡುಗ್ರು ಇನ್ನೂ ದಣದಿಲ್ಲ, ನಾ ಮೊದಲ ಕೂತ್ರ ನಗತಾರ ಅಂತ." ಆಕೆ ಮಗನ ಕಡೆ ತಿರುಗಿದಳು. "ನೀ ಅವರ ದಾರಿ ನೋಡಿದಿ. ಅವರು ನಿನ್ನ ದಾರಿ ನೋಡಿದ್ರು."

ಹೀಗೆಂದು ದೇವಕಮ್ಮ ಅಲ್ಲೇ, ಸಾಲು ಅರ್ಧ ಉಳಿದಿರುವಾಗಲೇ ಕೂತುಬಿಟ್ಟಳು. ಮಗನೂ ಬಂದು ತಾಯಿಯ ಪಕ್ಕದಲ್ಲಿ ಕೂತ. ತಂದೆ ಹೋದ ದಿನ ಬಾರದ ಅಳು ಅವನಿಗೆ ಈಗ ಬಂತು.

ಸರ್ವರಬೇಗಂ ಭಾರತಿಯ ಕುತ್ತಿಗೆಗೆ, ಕಂಕುಳಿಗೆ ಒದ್ದೆ ಬಟ್ಟೆಯಿಟ್ಟು ಗಾಳಿ ಬೀಸಿದಳು. ವಾಂತಿ ನಿಂತ ಮೇಲೆ ಓಆರ್‌ಎಸ್ ಪುಡಿ ಕದಡಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಿದಳು. ಸಂಜೆಗೆ ಭಾರತಿ ಚೇತರಿಸಿಕೊಂಡಳು.

ಮರುದಿನದಿಂದ ಆ ಮನೆಯವರು ನಸುಕಿನಲ್ಲೇ ಹೊಲಕ್ಕೆ ಹೋಗಿ ಹತ್ತೂವರೆಗೆ ಕೆಲಸ ನಿಲ್ಲಿಸುತ್ತಾರೆ. ಮತ್ತೆ ನಾಲ್ಕರ ಮೇಲೆಯೇ. ಮೊದಲ ಸಾಲು ಈಗಲೂ ಹಿರಿಯರದೇ. ಆದರೆ "ಕೂಡೂಣು" ಎನ್ನುವ ಹಕ್ಕು ಎಲ್ಲರಿಗಿಂತ ಕಿರಿಯಳಾದ ಭಾರತಿಯದು. ಆಕೆ ಕರೆದಾಗಲೆಲ್ಲ ದೇವಕಮ್ಮ ಕೂಡುತ್ತಾಳೆ, ಕೂತು ಖಾಲಿಯಿರುವ ಪಕ್ಕದ ಜಾಗ ನೋಡುತ್ತಾಳೆ. ಒಂದೇ ವರ್ಷ ಮೊದಲು ಈ ಮಾತು ಕೇಳಿಬಂದಿದ್ದರೆ ಅಲ್ಲಿ ಇನ್ನೊಬ್ಬರು ಕೂತಿರುತ್ತಿದ್ದರು.

ಬಂಧುಗಳೇ, ನಮ್ಮ ಬಿಸಿಲಿಗೆ ಹಿರಿಯರು ಕಿರಿಯರು ಎಂಬ ಭೇದವಿಲ್ಲ. ನೀರಡಿಕೆ ಆಗಲಿ ಬಿಡಲಿ, ಅರ್ಧ ಗಂಟೆಗೊಮ್ಮೆಯಾದರೂ ನೀರು ಕುಡಿಯಿರಿ. ಮಜ್ಜಿಗೆ, ಅಂಬಲಿ ಜೊತೆಗಿರಲಿ. ತಲೆಗೆ ಬಟ್ಟೆಯಿರಲಿ. ಯಾರಿಗಾದರೂ ಕಾಲು ತಡವರಿಸಿದರೆ, ವಾಂತಿಯಾದರೆ, ಮಾತು ತೊದಲಿದರೆ, ಮೈ ಸುಡುತ್ತಿದ್ದರೆ ಪಿತ್ತವೆಂದು ಸುಮ್ಮನಿರಬೇಡಿ. ನೆರಳಿಗೆ ಒಯ್ದು ಮೈಮೇಲೆ ನೀರು ಹಾಕಿ, ಗಾಳಿ ಬೀಸಿ, ಕೂಡಲೇ ೧೦೮ಕ್ಕೆ ಕರೆ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ. ದೊಡ್ಡವರಿಗೆ ಕೂಡು ಎನ್ನುವುದು ಅಗೌರವವಲ್ಲ. ನೀವೇ ಮೊದಲು ಹೇಳಿ, ಇಂದೇ ಹೇಳಿ.

ದುಡಿಯುತ್ತ ದುಡಿಯುತ್ತಲೇ ಹೊರಟುಹೋದ ತಿಮ್ಮಣ್ಣನ ಜೀವಕ್ಕೆ ಭಗವಂತನು ತನ್ನ ಪಾದದ ಬಳಿ ತಂಪಾದ ಠಾವು ಕೊಡಲಿ. ಆ ಆತ್ಮಕ್ಕೆ ಶಾಂತಿಯಿರಲಿ.